ಒಂದೇ ಕಿವಿ, ನಾಕು ಲೆಕ್ಕ: ಕಲ್ಲಿದ್ದಲು ಗಣಿ ಕಾರ್ಮಿಕರ ಪರಿಹಾರದ ಕತೆ

ಕಲ್ಲಿದ್ದಲು ಗಣಿ ಅಂದ್ರೆ ಎಲ್ರಿಗೂ ಮೊದ್ಲು ನೆನಪಾಗೋದು ಶ್ವಾಸಕೋಶ. ಧೂಳು, ಕೆಮ್ಮು, ಬ್ಲ್ಯಾಕ್ ಲಂಗ್. ತಪ್ಪೇನಿಲ್ಲ, ಅದ್ರಿಂದ ಜನ ಸಾಯ್ತಾರೆ. ಆದ್ರೆ ಅದೇ ಗಣಿಯಿಂದ ಅದೇ ಜನ ಇನ್ನೊಂದು ಕಾಯಿಲೆನೂ ಹೊತ್ಕೊಂಡು ಬರ್ತಾರೆ, ಅದು ಎಕ್ಸ್‌ರೇಲಿ ಕಾಣಲ್ಲ, ನೋವಾಗಲ್ಲ, ರಕ್ತ ಬರಲ್ಲ, ಹೆಂಡ್ತಿ ಮಕ್ಳು "ಇವ್ರಿಗೆ ಹೇಳಿದ್ದು ಕೇಳೋದೇ ಇಲ್ಲ" ಅಂತ ಬೈಯ್ಯೋಕೆ ಶುರು ಮಾಡಿದ್ಮೇಲೇ ಗೊತ್ತಾಗೋದು. ಅಮೆರಿಕದ ನಿಯೋಶ್ ಅನ್ನೋ ಸಂಶೋಧನಾ ಸಂಸ್ಥೆ 1996ರಲ್ಲಿ ಗಣಿ ಕಾರ್ಮಿಕರ ಕಿವಿ ಟೆಸ್ಟಿನ ಗ್ರಾಫ್, ಅಂದ್ರೆ ಆಡಿಯೋಗ್ರಾಮ್‌ಗಳನ್ನ ಗುಡ್ಡೆ ಹಾಕ್ಕೊಂಡು ನೋಡಿದಾಗ ಸಿಕ್ಕಿದ್ದು ಇದು: 50 ವಯಸ್ಸಿನ ಹೊತ್ತಿಗೆ ಕಲ್ಲಿದ್ದಲು ಕಾರ್ಮಿಕರಲ್ಲಿ ಸುಮಾರು 90% ಜನಕ್ಕೆ ಕೇಳೋ ಶಕ್ತಿ ಕುಂದಿರತ್ತೆ, ಸದ್ದಿನ ಕೆಲಸ ಮಾಡದೇ ಇರೋರಲ್ಲಿ ಅದೇ ವಯಸ್ಸಿಗೆ ಸುಮಾರು 10%. ಹತ್ತರಲ್ಲಿ ಒಂಬತ್ತು ಜನ ಅಂದ್ರೆ ಅದನ್ನ ಅಪಾಯ ಅಂತ ಕರೆಯೋದೇ ತಮಾಷೆ, ಅದು ಕೆಲಸದ ಜೊತೆ ಬರೋ ಗ್ಯಾರಂಟಿ.

ನನ್ನ ಕೆಲಸ ಕಿವಿ ಟೆಸ್ಟ್ ಮಾಡೋದು. ಸೌಂಡ್‌ಪ್ರೂಫ್ ರೂಮಲ್ಲಿ ಹೆಡ್‌ಫೋನ್ ಹಾಕ್ಸಿ, ಬೀಪ್ ಕೇಳಿಸಿದಾಗ ಬಟನ್ ಒತ್ತಿ ಅಂತ ಹೇಳಿ, ಗ್ರಾಫ್ ಬರೆದು ಕೊಡೋದು. ನನ್ನ ಟೇಬಲ್ ಬಿಟ್ಟು ಹೋದ್ಮೇಲೆ ಆ ಗ್ರಾಫ್ ಏನಾಗತ್ತೆ, ಯಾವ ಆಫೀಸಲ್ಲಿ ಯಾರು ಅದನ್ನ ದುಡ್ಡಾಗಿ ಬದಲಾಯಿಸ್ತಾರೆ ಅನ್ನೋದು ನಮ್ಮ ಪಾಠದಲ್ಲಿ ಹೆಚ್ಚೇನೂ ಇರಲ್ಲ. ಸದ್ದಿನಿಂದ ಆದ ಕಿವುಡಿಗೆ ಬೇರೆ ಬೇರೆ ಕಡೆ ಪರಿಹಾರ ಹೇಗೆ ಕೊಡ್ತಾರೆ ಅಂತ ಓದ್ತಾ ಓದ್ತಾ ನಂಗೆ ತಲೆ ಬಿಸಿ ಆಯ್ತು, ಅದನ್ನ ಇಲ್ಲಿ ಇಳಿಸ್ಕೊಳ್ತಿದೀನಿ. ಸ್ವಲ್ಪ ಗಣಿತ ಬರತ್ತೆ, ಓಡಿ ಹೋಗ್ಬೇಡಿ.

ಮೊದ್ಲು ಸದ್ದು ಎಲ್ಲಿಂದ ಬರತ್ತೆ ಅಂತ. ಈಗ ಭೂಗತ ಗಣಿಲಿ ಗುದ್ದಲಿ ಹಿಡಿದು ಅಗೆಯೋರು ಕಮ್ಮಿ, ಕಂಟಿನ್ಯುಯಸ್ ಮೈನರ್ ಅಂತ ದೊಡ್ಡ ಮಷೀನ್ ಇರತ್ತೆ, ಮುಂದಗಡೆ ಹಲ್ಲಿರೋ ಡ್ರಮ್ ತಿರುಗ್ತಾ ಕಲ್ಲಿದ್ದಲು ಕೊರೆಯತ್ತೆ, ಅದರ ಹೊಟ್ಟೆ ಒಳಗೆ ಉಕ್ಕಿನ ಪಟ್ಟಿಗಳಿರೋ ಚೈನ್ ಕನ್ವೇಯರ್ ಉಕ್ಕಿನ ತಳದ ಮೇಲೆ ಉಜ್ಜಿಕೊಂಡು ಓಡ್ತಾ ಇರತ್ತೆ, ಜೊತೆಗೆ ಧೂಳು ಎಳೆಯೋ ಫ್ಯಾನ್. ಧೂಳು ಕಮ್ಮಿ ಮಾಡೋ ಫ್ಯಾನೇ ಸದ್ದು ಜಾಸ್ತಿ ಮಾಡೋದು, ಶ್ವಾಸಕೋಶ ಉಳಿಸೋಕೆ ಕಿವಿ ಕೊಟ್ಟಂಗೆ. ಇನ್ನೊಂದು ಕಡೆ ರೂಫ್ ಬೋಲ್ಟರ್, ಮೇಲ್ಛಾವಣಿ ಕುಸೀದೇ ಇರ್ಲಿ ಅಂತ ತಲೆ ಮೇಲಿನ ಬಂಡೆಗೆ ತೂತು ಕೊರೆದು ಬೋಲ್ಟ್ ಹಾಕೋ ಮಷೀನ್, ಅದನ್ನ ನಡೆಸೋನು ಡ್ರಿಲ್ ಪಕ್ಕದಲ್ಲೇ ನಿಂತಿರ್ತಾನೆ. ಇವೆಲ್ಲ ನಡೆಯೋದು ತಗ್ಗು ಸುರಂಗದಲ್ಲಿ, ಸದ್ದು ಹೊರಗೆ ಹೋಗೋಕೆ ಜಾಗಾನೇ ಇಲ್ಲ, ಗೋಡೆಗೆ ಬಡಿದು ವಾಪಸ್ ಬರತ್ತೆ.

ಡೆಸಿಬಲ್ ಅನ್ನೋದು ಮೋಸದ ಅಳತೆ. 85ರಿಂದ 88ಕ್ಕೆ ಹೋದ್ರೆ ಬರೀ ಮೂರು ಅನ್ಸತ್ತೆ, ಆದ್ರೆ ಕಿವಿಗೆ ಬೀಳೋ ಶಕ್ತಿ ಎರಡರಷ್ಟಾಗಿರತ್ತೆ. ಹಾಗಾಗಿ ನಿಯೋಶ್ ಹೇಳೋದು, 85ರಲ್ಲಿ 8 ಗಂಟೆ ಕೆಲಸ ಮಾಡ್ಬೋದು, ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಮಾಡಿ ಅಂತ. ಅಮೆರಿಕದ ಗಣಿ ಕಾನೂನು ಮಾತ್ರ 90ರಲ್ಲಿ 8 ಗಂಟೆ, ಪ್ರತಿ 5 ಡೆಸಿಬಲ್‌ಗೆ ಅರ್ಧ ಅನ್ನತ್ತೆ. ವ್ಯತ್ಯಾಸ ಚಿಕ್ಕದು ಅನ್ಕೋಬೇಡಿ, 95 ಡೆಸಿಬಲ್ ಜಾಗದಲ್ಲಿ ಕಾನೂನು 4 ಗಂಟೆ ಬಿಡತ್ತೆ, ನಿಯೋಶ್ ಲೆಕ್ಕದಲ್ಲಿ 48 ನಿಮಿಷಾನೂ ಸಿಗಲ್ಲ. ಅಂದ್ರೆ ಕಂಪನಿ ಎಲ್ಲಾ ರೂಲ್ಸ್ ನೀಟಾಗಿ ಪಾಲಿಸಿದ್ರೂ ಕಿವಿ ಹೋಗ್ಬೋದು, ಆಮೇಲೆ ಪರಿಹಾರ ಕೇಳೋಕೆ ಹೋದ್ರೆ "ನಾವು ಮಿತಿ ಒಳಗೇ ಇದ್ವಿ" ಅನ್ನೋ ಪೇಪರ್ ಮೇಜಿನ ಮೇಲೆ ಇರತ್ತೆ.

ಕಿವಿ ಒಳಗೆ ಏನಾಗತ್ತೆ ಅಂದ್ರೆ, ಕಾಕ್ಲಿಯಾ ಅನ್ನೋ ಒಳಗಿವಿಯ ಸುರುಳಿ ಭಾಗದಲ್ಲಿ ಸಣ್ಣ ಕೂದಲು ಕೋಶಗಳಿವೆ, ಹೊರಗಿನ ಸಾಲಲ್ಲಿ ಒಂದು ಕಿವಿಗೆ ಸುಮಾರು 12 ಸಾವಿರ. ಸದ್ದಿಗೆ ಮೊದ್ಲು ಸಾಯೋದು ಅವೇ, ಸತ್ರೆ ಮತ್ತೆ ಹುಟ್ಟಲ್ಲ. ಡ್ಯಾಮೇಜ್ ಶುರುವಾಗೋದು ಸಾಮಾನ್ಯವಾಗಿ 4000 ಹರ್ಟ್ಜ್ ಹತ್ರ, ಗ್ರಾಫಲ್ಲಿ ಅಲ್ಲಿ ಒಂದು ಗುಂಡಿ ಬೀಳತ್ತೆ, 8000ದಲ್ಲಿ ಸ್ವಲ್ಪ ಮೇಲೆ ಬರತ್ತೆ. ವಯಸ್ಸಿಂದ ಹೋಗೋ ಕಿವಿಲಿ ಈ ಮೇಲೆ ಬರೋದು ಇರಲ್ಲ, ಸುಮ್ನೆ ಇಳೀತಾ ಹೋಗತ್ತೆ. ಆ ಗುಂಡಿ ನೋಡಿದ್ರೆ ಎದುರಿಗೆ ಕೂತಿರೋರ ಕೆಲಸ ಏನಿರ್ಬೋದು ಅಂತ ಅಂದಾಜು ಸಿಗತ್ತೆ. ವರ್ಷ ಕಳೆದ ಹಾಗೆ ಗುಂಡಿ ಅಗಲ ಆಗ್ತಾ 3000ಕ್ಕೆ, 2000ಕ್ಕೆ ಬರತ್ತೆ, ಮಾತಿನ ತೊಂದ್ರೆ ಆಗ ಶುರು. ಸ್ವರಗಳು ಕೆಳಗಿನ ಫ್ರೀಕ್ವೆನ್ಸಿಲಿರ್ತವೆ, ಸ, ಶ, ಫ ತರದ ವ್ಯಂಜನಗಳು ಮೇಲೆ, ಹಂಗಾಗಿ ಆ ಮನುಷ್ಯಂಗೆ ಯಾರೋ ಮಾತಾಡ್ತಿದಾರೆ ಅಂತ ಚೆನ್ನಾಗಿ ಕೇಳಿಸತ್ತೆ, ಏನು ಮಾತಾಡ್ತಿದಾರೆ ಅಂತ ಕೇಳ್ಸಲ್ಲ. ಜೋರಾಗಿ ಕೂಗಿದ್ರೆ "ಯಾಕೆ ಕಿರುಚ್ತೀಯ" ಅಂತ ಅವ್ರೇ ರೇಗ್ತಾರೆ. ಜೊತೆಗೆ ರಾತ್ರಿಯೆಲ್ಲ ಗುಂಯ್ ಅನ್ನೋ ಟಿನ್ನಿಟಸ್, ಅದನ್ನ ಗ್ರಾಫ್ ಮೇಲೆ ಎಲ್ಲೂ ಬರೆಯೋಕಾಗಲ್ಲ.

ಈಗ ದುಡ್ಡಿನ ವಿಷಯ. ಒಬ್ಬ ಕಾರ್ಮಿಕ ಅಂತ ಅನ್ಕೊಳ್ಳಿ, ವಯಸ್ಸು 50, ಬಹಳ ವರ್ಷ ಕಂಟಿನ್ಯುಯಸ್ ಮೈನರ್ ಮೇಲಿದ್ದೋನು. ಲೆಕ್ಕಕ್ಕೆ ನಾನೇ ಮಾಡ್ಕೊಂಡಿರೋ ಗ್ರಾಫ್ ಇದು, ಆದ್ರೆ ಇಂಥದ್ದು ತೀರಾ ಮಾಮೂಲಿ. ಇದ್ರಲ್ಲಿರೋ ಡೆಸಿಬಲ್ ಅಂದ್ರೆ ಆ ಕಿವಿಗೆ ಕೇಳಿಸೋ ಅತಿ ಮೆಲ್ಲಗಿನ ಸದ್ದು, ನಂಬರ್ ದೊಡ್ಡದಾದಷ್ಟೂ ಕಿವಿ ಕೆಟ್ಟಿದೆ ಅಂತ. ಚೆನ್ನಾಗಿರೋ ಕಿವಿ 500 ಹರ್ಟ್ಜ್‌ಲಿ 20, 1000ದಲ್ಲಿ 25, 2000ದಲ್ಲಿ 40, 3000ದಲ್ಲಿ 65, 4000ದಲ್ಲಿ 80 ಡೆಸಿಬಲ್. ಕೆಟ್ಟಿರೋ ಕಿವಿ 25, 30, 50, 75, ಮತ್ತೆ 4000ದಲ್ಲಿ 85. ಈ ಗ್ರಾಫ್ ನಮ್ಮ ಕೈಗೆ ಬಂದ್ರೆ ನಾವು ಎರಡನೇ ಯೋಚನೆ ಮಾಡದೆ ಹಿಯರಿಂಗ್ ಏಡ್ ಬೇಕು ಅಂತೀವಿ.

ಅಮೆರಿಕದಲ್ಲಿ ಗಣಿ ಕಾರ್ಮಿಕರ ಕಿವಿಗೆ ಫೆಡರಲ್, ಅಂದ್ರೆ ಕೇಂದ್ರದ, ಸ್ಕೀಮ್ ಇಲ್ಲ. 1968ರ ನವೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್‌ಟನ್ ಗಣಿ ಸ್ಫೋಟದಲ್ಲಿ 78 ಜನ ಸತ್ರು, ಅದಾದ್ಮೇಲೆ 1969ರ ಕಲ್ಲಿದ್ದಲು ಗಣಿ ಕಾಯ್ದೆ ಬಂತು, ಬ್ಲ್ಯಾಕ್ ಲಂಗ್‌ಗೆ ಪರಿಹಾರ ಬಂತು, ಮುಂದೆ ಅದಕ್ಕೆ ಕಲ್ಲಿದ್ದಲಿನ ಮೇಲೆ ತೆರಿಗೆ ಹಾಕಿ ಒಂದು ನಿಧಿಯನ್ನೂ ಮಾಡಿದ್ರು. ಅದೇ ಕಾಯ್ದೆಲಿ ಸದ್ದಿಗೂ ಮಿತಿ ಬಂತು, ಆದ್ರೆ ಹೋದ ಕಿವಿಗೆ ದುಡ್ಡು ಕೊಡೋ ಜವಾಬ್ದಾರಿ ಆಯಾ ರಾಜ್ಯದ ಕಾರ್ಮಿಕ ಪರಿಹಾರ ವ್ಯವಸ್ಥೆ, ಅಂದ್ರೆ ವರ್ಕರ್ಸ್ ಕಾಂಪೆನ್ಸೇಷನ್‌ಗೇ ಉಳೀತು. ಬಹಳ ರಾಜ್ಯಗಳಲ್ಲಿ ಬಳಸೋದು ವೈದ್ಯರ ಸಂಘದ ಗೈಡ್‌ಲಿರೋ ಫಾರ್ಮುಲಾ: 500, 1000, 2000, 3000 ಈ ನಾಕರ ಸರಾಸರಿ ತಗೊಳ್ಳಿ, ಅದ್ರಲ್ಲಿ 25 ಕಳೀರಿ, ಉಳಿದಿದ್ದನ್ನ ಒಂದೂವರೆಯಿಂದ ಗುಣಿಸಿ. ನಮ್ಮ ಮನುಷ್ಯನ ಒಳ್ಳೆ ಕಿವಿ ಸರಾಸರಿ 37.5, ಅಂದ್ರೆ 18.75%. ಕೆಟ್ಟ ಕಿವಿ 45, ಅಂದ್ರೆ 30%. ಒಳ್ಳೆ ಕಿವಿಗೆ ಐದು ಪಾಲು, ಕೆಟ್ಟದಕ್ಕೆ ಒಂದು ಪಾಲು ಕೊಟ್ಟು ಆರರಿಂದ ಭಾಗಿಸಿದ್ರೆ ಎರಡೂ ಕಿವಿ ಸೇರಿ 20.6%. ಗಮನಿಸಿದ್ರಾ? 4000 ಲೆಕ್ಕಕ್ಕೇ ಬರ್ಲಿಲ್ಲ. ಸದ್ದು ಎಲ್ಲಿ ಜಾಸ್ತಿ ತಿಂದಿದ್ಯೋ ಆ ಜಾಗ ಬಿಟ್ಟು ಮಿಕ್ಕಿದ್ದನ್ನ ಅಳೀತಾರೆ.

ಇದು ಸುಧಾರಿಸಿದ ಫಾರ್ಮುಲಾ ಅಂದ್ರೆ ನಂಬ್ತೀರಾ. 1979ಕ್ಕೆ ಮುಂಚೆ ಇದ್ದ ಹಳೇದ್ರಲ್ಲಿ 3000ನೂ ಇರ್ಲಿಲ್ಲ, ಬರೀ 500, 1000, 2000. ಅದೇ ಕಿವಿಗಳನ್ನ ಅದಕ್ಕೆ ಹಾಕಿ ನೋಡ್ದೆ: ಒಳ್ಳೆ ಕಿವಿ 5%, ಕೆಟ್ಟದ್ದು 15%, ಒಟ್ಟು 6.7%. ಒಂದು ಸಂಖ್ಯೆ ಸೇರಿಸಿದ್ದಕ್ಕೆ ಮನುಷ್ಯ ಮೂರರಷ್ಟು ಕಿವುಡ ಆದ!

ಸರಿ 20.6% ಸಿಕ್ತಲ್ಲ ಅಂತ ಖುಷಿ ಪಡೋ ಹಾಗಿಲ್ಲ, ಯಾಕಂದ್ರೆ ಕೆಲವು ಕಡೆ ಅದನ್ನ ಇಡೀ ದೇಹದ ಪರ್ಸೆಂಟ್‌ಗೆ ಇಳಿಸ್ತಾರೆ, ಪೂರ್ತಿ ಕಿವುಡು ಅಂದ್ರೆ ಇಡೀ ದೇಹದ 35%, ಆ ಲೆಕ್ಕದಲ್ಲಿ ನಮ್ಮವನದ್ದು 7%. ಕೆಂಟಕಿ ದೊಡ್ಡ ಕಲ್ಲಿದ್ದಲು ರಾಜ್ಯ, ಅಲ್ಲಿನ ಕಾನೂನು ಏನನ್ನತ್ತೆ ಅಂದ್ರೆ ಇಡೀ ದೇಹದ ಲೆಕ್ಕದಲ್ಲಿ 8%ಗಿಂತ ಕಮ್ಮಿ ಇದ್ರೆ ಕಿವಿಗೆ ಆದಾಯ ಪರಿಹಾರ ಇಲ್ಲ. 7 ಬಂತು, ಸೊನ್ನೆ. ಬೇರೆ ಗಾಯಗಳಿಗೆ ಅಲ್ಲಿ ಇಂಥ ಎಂಟರ ಬಾಗಿಲು ಇಲ್ಲ, ಕಿವಿಗೆ ಮಾತ್ರ. ಅದೇ ಕಾನೂನಲ್ಲಿ ಒಂದು ಒಳ್ಳೆ ಮಾತೂ ಇದೆ, ಹೇಳದೆ ಬಿಟ್ರೆ ಅನ್ಯಾಯ ಆಗತ್ತೆ: ಆಡಿಯೋಗ್ರಾಮ್ ಸದ್ದಿನ ಡ್ಯಾಮೇಜ್ ತರ ಕಾಣ್ತಿದ್ದು, ಕೆಲಸದಲ್ಲಿ ಪದೇ ಪದೇ ಸದ್ದಿತ್ತು ಅಂತ ತೋರ್ಸಿದ್ರೆ, ಕೆಲಸದಿಂದಲೇ ಆಗಿದ್ದು ಅಂತ ಮೊದ್ಲು ಒಪ್ಕೊಳ್ತಾರೆ, ಅಲ್ಲ ಅಂತ ಸಾಬೀತು ಮಾಡೋದು ಕಂಪನಿ ತಲೆನೋವು. ಹೊಣೆ ಕೊನೇಲಿ ಸದ್ದಿಗೆ ಒಡ್ಡಿದ ಮಾಲೀಕಂದು.

ಬ್ರಿಟನ್‌ಗೆ ಹೋಗೋಣ. ಅಲ್ಲಿ ಸರ್ಕಾರದ ಇಂಡಸ್ಟ್ರಿಯಲ್ ಇಂಜುರೀಸ್ ಸ್ಕೀಮ್‌ಲಿ ಕಿವುಡಿಗೆ ಎ10 ಅಂತ ನಂಬರ್ ಇದೆ. ಪಟ್ಟಿಲಿರೋ ಕೆಲಸ ಆಗಿರ್ಬೇಕು, ಕಲ್ಲಿದ್ದಲು ಗಣಿಲಿ ಗಾಳಿ ಒತ್ತಡದ ಡ್ರಿಲ್ ಬಳಸೋದು ಆ ಪಟ್ಟಿಲಿದೆ, ಅಂಥ ಕೆಲಸ ಒಟ್ಟು 10 ವರ್ಷ ಮಾಡಿರ್ಬೇಕು, ಬಿಟ್ಟ 5 ವರ್ಷದೊಳಗೆ ಅರ್ಜಿ ಹಾಕ್ಬೇಕು, ಮತ್ತೆ 1000, 2000, 3000ದ ಸರಾಸರಿ ಎರಡೂ ಕಿವಿಲೂ ಕನಿಷ್ಠ 50 ಡೆಸಿಬಲ್ ಇರ್ಬೇಕು. ನಮ್ಮವನ ಕೆಟ್ಟ ಕಿವಿ 51.7, ಪಾಸ್. ಒಳ್ಳೆ ಕಿವಿ 43.3, ಫೇಲ್. ಎರಡೂ ಬೇಕು ಅಂತ ಇರೋದ್ರಿಂದ ಅರ್ಜಿ ವಾಪಸ್. ಅಮೆರಿಕದ ಫಾರ್ಮುಲಾ 25ಕ್ಕೆ ನಷ್ಟ ಎಣಿಸೋಕೆ ಶುರು ಮಾಡತ್ತೆ, ಇವ್ರು 50ಕ್ಕೆ ಬಾಗಿಲು ತೆಗೀತಾರೆ. 

ಬ್ರಿಟನ್‌ನಲ್ಲಿ ಇನ್ನೊಂದು ದಾರಿ ಇದೆ, ಮಾಲೀಕರ ಮೇಲೆ ನೇರ ಕೇಸು. ಅಲ್ಲಿ 1963 ಅನ್ನೋ ವರ್ಷ ಬಹಳ ಮುಖ್ಯ, ಆ ವರ್ಷ ಸರ್ಕಾರ ಸದ್ದು ಮತ್ತೆ ಕಾರ್ಮಿಕರ ಬಗ್ಗೆ ಒಂದು ಕಿರುಪುಸ್ತಕ ತಂತು, 1984ರಲ್ಲಿ ಹಡಗು ರಿಪೇರಿ ಕಾರ್ಮಿಕರ ಕೇಸಲ್ಲಿ ಕೋರ್ಟ್ ಹೇಳಿದ್ದು, 1963ರಿಂದ ಮಾಲೀಕರಿಗೆ ಗೊತ್ತಿರ್ಬೇಕಿತ್ತು, ಅದಕ್ಕೆ ಮುಂಚಿನ ಡ್ಯಾಮೇಜ್‌ಗೆ ಅವ್ರ ಹೊಣೆ ಇಲ್ಲ ಅಂತ. ಅಂದ್ರೆ 1950ರಿಂದ 1975ರ ತನಕ ಅದೇ ಸದ್ದಲ್ಲಿ ದುಡಿದೋನ ಕಿವಿನ ಕೋರ್ಟ್ ಎರಡು ಭಾಗ ಮಾಡತ್ತೆ, ಮೊದಲ ಹದಿಮೂರು ವರ್ಷ ಹೋದ ಕೂದಲು ಕೋಶಗಳು ಅವನ ಖಾತೆ, ಆಮೇಲೆ ಹೋದವು ಕಂಪನಿ ಖಾತೆ. ಕಷ್ಟ ಏನಂದ್ರೆ ಸದ್ದು ಜಾಸ್ತಿ ತಿನ್ನೋದು ಮೊದಲ ಹತ್ತು ಹದಿನೈದು ವರ್ಷದಲ್ಲೇ, ಆಮೇಲೆ 4000ದ ಹತ್ರ ನಿಧಾನ ಆಗತ್ತೆ. ಹಂಗಾಗಿ ಅವನ ಪಾಲಿಗೆ ಬಿದ್ದಿದ್ದೇ ದೊಡ್ಡ ತುಂಡು. 

ಇನ್ನು ಭಾರತದ್ದು. 1923ರ ಪರಿಹಾರ ಕಾಯ್ದೆ, ಈಗ ಅದು 2020ರ ಸೋಷಿಯಲ್ ಸೆಕ್ಯುರಿಟಿ ಕೋಡ್ ಒಳಗೆ ಸೇರ್ಕೊಂಡಿದೆ. ಆ 1923ರ ಕಾಯ್ದೆಯ ಮೂರನೇ ಷೆಡ್ಯೂಲ್‌ನ ಬಿ ಭಾಗದಲ್ಲಿ ಸದ್ದಿನಿಂದ ಆದ ಶ್ರವಣದೋಷ ಔದ್ಯೋಗಿಕ ಕಾಯಿಲೆ ಅಂತ ಇದೆ, ಒಬ್ಬ ಮಾಲೀಕನ ಹತ್ರ ಸತತ 6 ತಿಂಗಳು ಕೆಲಸ ಮಾಡಿದ್ರೆ ಸಾಕು. ಬ್ರಿಟನ್ನಿನ 10 ವರ್ಷದ ಮುಂದೆ ಇದು ಎಷ್ಟೋ ಉದಾರ. ಸಮಸ್ಯೆ ಇರೋದು ಮೊದಲನೇ ಷೆಡ್ಯೂಲ್‌ಲಿ. ಪೂರ್ತಿ ಕಿವುಡು ಅಂದ್ರೆ 100%, ಸರಿ. ಆದ್ರೆ ಅರ್ಧ ಕಿವುಡು, ಮುಕ್ಕಾಲು ಕಿವುಡು ಆ ಪಟ್ಟಿಲೇ ಇಲ್ಲ. ತೋರುಬೆರಳು ಪೂರ್ತಿ ಹೋದ್ರೆ 14% ಅಂತ ಬರ್ದಿದಾರೆ, ಒಂದು ಕಣ್ಣಿನ ದೃಷ್ಟಿಗೆ 30% ಅಂತ ಬರ್ದಿದಾರೆ, ಬೆರಳಿನ ಒಂದೊಂದು ಗೆಣ್ಣಿಗೂ ರೇಟ್ ಇದೆ, ಕಿವಿಗೆ ಮಧ್ಯದ ಮೆಟ್ಟಿಲೇ ಇಲ್ಲ. ಪಟ್ಟಿಲಿ ಇಲ್ಲದ್ದಕ್ಕೆ ಡಾಕ್ಟರ್ ಗಳಿಕೆ ಸಾಮರ್ಥ್ಯ ಎಷ್ಟು ಕಮ್ಮಿ ಆಗಿದೆ ಅಂತ ಬರೆದು ಕೊಡ್ಬೇಕು. ಈಗ ನಮ್ಮ ಮನುಷ್ಯ ಇನ್ನೂ ಅದೇ ಮಷೀನ್ ಮೇಲೆ ಅದೇ ಸಂಬಳಕ್ಕೆ ಇದಾನೆ, ಗಳಿಕೆ ಎಲ್ಲಿ ಕಮ್ಮಿ ಆಯ್ತು ಅಂತ ಕೇಳಿದ್ರೆ ಏನು ಉತ್ತರ ಕೊಡ್ತಾನೆ? ವಾದ ಮಾಡಿ 20% ಅಂತ ಒಪ್ಪಿಸಿದ ಅನ್ಕೊಳ್ಳೋಣ. ಹಳೇ ಕಾಯ್ದೆ ಲೆಕ್ಕದಲ್ಲಿ, 2020ರಲ್ಲಿ ಇಟ್ಟ 15,000 ರೂಪಾಯಿ ಸಂಬಳದ ಮಿತಿ, ಅದರ 60% ಅಂದ್ರೆ 9,000, ಅದನ್ನ 50 ವಯಸ್ಸಿನ ಗುಣಕ 153.09ರಿಂದ ಗುಣಿಸಿ, 20% ತಗೊಂಡ್ರೆ 2,75,562 ರೂಪಾಯಿ. ಕೈಗೆ ಬರೋ ಸಂಬಳ ಇದರ ಎಷ್ಟೋ ಪಟ್ಟು ಇದ್ರೂ ಲೆಕ್ಕ ಹಿಡಿಯೋದು 15,000ಕ್ಕೇ.

ಗಣಿ ಕಾಯ್ದೆ ಅಡಿ ಸದ್ದಿನ ಕಿವುಡನ್ನ ವರದಿ ಮಾಡ್ಲೇಬೇಕಾದ ಕಾಯಿಲೆ ಅಂತ ಸೇರಿಸಿದ್ದು 2011ರಲ್ಲಿ. ಗಣಿ ಸುರಕ್ಷತಾ ನಿರ್ದೇಶನಾಲಯ 90 ಡೆಸಿಬಲ್ ಮಿತಿ ಬಗ್ಗೆ ಸುತ್ತೋಲೆ ಕಳ್ಸಿದ್ದು 1975ರಲ್ಲಿ. ಮಧ್ಯದ 36 ವರ್ಷ ಸದ್ದು ಅಪಾಯ ಅಂತ ಗೊತ್ತಿತ್ತು, ಅದ್ರಿಂದ ಆಗೋ ಕಾಯಿಲೆ ಮಾತ್ರ ರಿಜಿಸ್ಟರ್‌ಲಿ ಇರ್ಲಿಲ್ಲ.

ಈ ಎಲ್ಲಾ ಕಾನೂನುಗಳ ತೊಂದ್ರೆ ಒಂದೇ ಅಂತ ನಂಗನ್ಸತ್ತೆ. ಪರಿಹಾರದ ಕಾನೂನು ಹುಟ್ಟಿದ್ದು ಅಪಘಾತಕ್ಕೆ. ಕೈ ಕತ್ತರಿಸಿ ಹೋಯ್ತು, ಇಂಥಾ ದಿನ, ಇಂಥಾ ಶಿಫ್ಟ್, ಇಂಥಾ ಮಾಲೀಕ. ಕಿವುಡಿಗೆ ದಿನಾಂಕ ಇಲ್ಲ. ಇಲ್ಲದ ದಿನಾಂಕನ ಎಲ್ಲೋ ಒಂದು ಕಡೆ ನೆಡಲೇಬೇಕು ಅಂತ "ಕೊನೇ ಮಾಲೀಕ", "ಗೊತ್ತಾದ ದಿನದಿಂದ ಮೂರು ವರ್ಷ", "ಬಿಟ್ಟ 5 ವರ್ಷ" ಅಂತೆಲ್ಲ ಹುಟ್ಕೊಂಡಿವೆ. ಗೊತ್ತಾದ ದಿನ ಯಾವುದು? ಹೆಂಡ್ತಿ ಮೊದಲ ಸಲ ಬೈದ ದಿನಾನಾ, ಟಿವಿ ವಾಲ್ಯೂಮ್ ಜಗಳ ಶುರುವಾದ ದಿನಾನಾ, ನನ್ನಂಥೋಳು ಗ್ರಾಫ್ ಕೈಗೆ ಕೊಟ್ಟ ದಿನಾನಾ? ವಕೀಲರು ಇದನ್ನೇ ಹಿಡ್ಕೊಂಡು ದಿನಗಟ್ಲೆ ಪ್ರಶ್ನೆ ಕೇಳ್ತಾರೆ. ಕೆಲಸದಲ್ಲಿದ್ದಾಗ ಬಾಯಿ ಬಿಟ್ರೆ ಅನ್‌ಫಿಟ್ ಮಾಡ್ತಾರೆ ಅಂತ ಭಯ, ಬಿಟ್ಮೇಲೆ ಹೋದ್ರೆ ಇಷ್ಟು ದಿನ ಏನ್ಮಾಡ್ತಿದ್ರಿ ಅಂತಾರೆ.

ವಯಸ್ಸಿನ ಕಡಿತ ಬೇರೆ. ಮಿಸೌರಿಲಿ 40 ದಾಟಿದ ಪ್ರತಿ ವರ್ಷಕ್ಕೂ ಅರ್ಧ ಡೆಸಿಬಲ್ ಕಳೀತಾರೆ. ಅದ್ರಲ್ಲಿ ನ್ಯಾಯ ಇಲ್ಲ ಅಂತ ಹೇಳಲ್ಲ, ವಯಸ್ಸಿಗೂ ಕಿವಿ ಹೋಗತ್ತೆ ನಿಜ. ಬೇಟೆ ಹವ್ಯಾಸ ಇದ್ರೆ ಅದನ್ನೂ ಕೆದಕ್ತಾರೆ, ಇದು ಸ್ವಲ್ಪ ಮಜವಾಗಿದೆ, ಬಲಗೈ ಅಭ್ಯಾಸದೋರು ರೈಫಲ್ ಹಿಡಿದ್ರೆ ಎಡಗಿವಿ ನಳಿಗೆಗೆ ಹತ್ರ ಇರತ್ತೆ, ಬಲಗಿವಿ ತಲೆಯ ಮರೇಲಿ, ಹಂಗಾಗಿ ಎಡಗಿವಿ ಜಾಸ್ತಿ ಕೆಟ್ಟಿರತ್ತೆ. ಮಷೀನ್ ಸದ್ದಿಗೆ ಸಾಮಾನ್ಯವಾಗಿ ಎರಡೂ ಸಮ ಸಮ ಹೋಗತ್ತೆ. ಎಡಬಲ ವ್ಯತ್ಯಾಸ ಇದ್ರೆ ಕಂಪನಿ ಕಡೆಯೋರ ಕಣ್ಣು ಅಲ್ಲಿಗೇ ಹೋಗತ್ತೆ. ಇನ್ನು ನಾಟಕ ಮಾಡ್ತಿದಾರಾ ಅನ್ನೋ ಅನುಮಾನ ಅಂತೂ ಯಾವಾಗ್ಲೂ ಇದ್ದಿದ್ದೇ. ಬಟನ್ ಒತ್ತೋದು ಅವ್ರ ಕೈಲಿರತ್ತಲ್ಲ. ಅದಕ್ಕೆ ಬೆರಾ ಟೆಸ್ಟ್ ಇದೆ, ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಲಗಿಸಿದ್ರೆ ಮೆದುಳು ತಾನೇ ಹೇಳತ್ತೆ. ನನ್ನ ಅನುಭವದಲ್ಲಿ ಸುಳ್ಳು ಹೇಳೋರು ಕಮ್ಮಿ, ಅದಕ್ಕಿಂತ ಜಾಸ್ತಿ ನೋಡಿರೋದು ಕೇಳ್ಸದೇ ಇದ್ರೂ ಕೇಳ್ಸತ್ತೆ ಅಂತ ಅಂದಾಜಲ್ಲಿ ಬಟನ್ ಒತ್ತೋರನ್ನ, ಕಿವುಡ ಅನ್ನಿಸ್ಕೊಳ್ಳೋಕೆ ಯಾರಿಗೂ ಇಷ್ಟ ಇಲ್ಲ.

ಇಯರ್‌ಪ್ಲಗ್ ಕೊಟ್ಟಿದ್ವಿ, ಅವ್ರೇ ಹಾಕ್ಕೊಳ್ಳಿಲ್ಲ ಅನ್ನೋದು ಇನ್ನೊಂದು ಮಾಮೂಲಿ ವಾದ. ಹಾಕ್ಕೊಳ್ಳಲ್ಲ, ನಿಜ. ಯಾಕೆ ಅಂತ ಕೇಳ್ಬೇಕಲ್ವಾ. ಭೂಗತ ಗಣಿಲಿ ಮೇಲ್ಛಾವಣಿ ಕುಸಿಯೋಕೆ ಮುಂಚೆ ಬಂಡೆ ಚಟ್ ಚಟ್ ಅಂತ ಸದ್ದು ಮಾಡತ್ತೆ, ಹಳಬರು ಆ ಸದ್ದು ಕೇಳೇ ಓಡಿ ಜೀವ ಉಳಿಸ್ಕೊಂಡಿರ್ತಾರೆ. ಕಿವಿ ಮುಚ್ಕೊಂಡ್ರೆ ಬಂಡೆ, ಹಿಂದಿಂದ ಬರೋ ಗಾಡಿ, ಜೊತೆಯವನ ಕೂಗು ಯಾವುದೂ ಕೇಳಲ್ಲ ಅನ್ನೋ ಭಯ. ಇಪ್ಪತ್ತು ವರ್ಷ ಆದ್ಮೇಲೆ ಹೋಗೋ ಕಿವಿಗಿಂತ ಇವತ್ತಿನ ತಲೆ ಮುಖ್ಯ ಅಂತ ಯೋಚ್ನೆ ಮಾಡಿದ್ರೆ ಅದನ್ನ ಅಸಡ್ಡೆ ಅಂತ ಹೇಗೆ ಹೇಳೋದು. ಮೇಲಾಗಿ ಪ್ಯಾಕೆಟ್ ಮೇಲೆ ಬರ್ದಿರೋ ರಕ್ಷಣೆ ಲ್ಯಾಬಿನದ್ದು, ಫೋಮ್ ಪ್ಲಗ್‌ಗೆ ಅದ್ರಲ್ಲಿ ಅರ್ಧ ಮಾತ್ರ ಲೆಕ್ಕ ಹಿಡೀರಿ ಅಂತ ನಿಯೋಶೇ ಹೇಳತ್ತೆ. ಕನ್ವೇಯರ್ ಚೈನಿನ ಉಕ್ಕಿನ ಪಟ್ಟಿಗಳಿಗೆ ಯುರೇಥೇನ್ ಲೇಪನ ಮಾಡಿ ಸದ್ದು ತಗ್ಗಿಸೋ ದಾರಿನೂ ಅದೇ ಸಂಸ್ಥೆ ತೋರಿಸಿದೆ. ಮಷೀನ್‌ಗೆ ಬಟ್ಟೆ ತೊಡಿಸಿ ಆಮೇಲೆ ಮನುಷ್ಯನ ಕಿವಿಗೆ ಬನ್ನಿ ಅನ್ನೋದು ನನ್ನ ವಾದ, ಅಮೆರಿಕದ 1999ರ ಗಣಿ ಸದ್ದಿನ ನಿಯಮಾನೂ 90 ದಾಟಿದ್ರೆ ಮೊದ್ಲು ಮಷೀನ್ ಮತ್ತೆ ಕೆಲಸದ ಪದ್ಧತಿ ಸರಿ ಮಾಡಿ ಅಂತಾನೇ ಹೇಳೋದು.

ಆ ನಿಯಮದಲ್ಲೇ ಇರೋ ಇನ್ನೊಂದು ಸಾಲು ನಂಗೆ ನಿದ್ದೆ ಕೆಡಿಸ್ತು. ದಿನದ ಸರಾಸರಿ 85 ಮುಟ್ಟಿದ್ರೆ ಕಂಪನಿ ಕಿವಿ ಟೆಸ್ಟ್ ಮಾಡಿಸ್ಕೊಳ್ಳೋ ಅವಕಾಶ ಕೊಡ್ಬೇಕು, ಕಾರ್ಮಿಕ ಬೇಡ ಅನ್ಬೋದು. ಮಾಡಿಸ್ಕೊಂಡ್ರೆ ಆ ದಾಖಲೆನ ಕಂಪನಿ ಎಷ್ಟು ದಿನ ಇಟ್ಕೋಬೇಕು? ಅವನ ಕೆಲಸ ಮುಗಿಯೋ ತನಕ, ಮತ್ತೆ ಕನಿಷ್ಠ 6 ತಿಂಗಳು. ಅಷ್ಟೇ. ಕ್ಲೇಮ್ ಹಾಕೋ ಯೋಚನೆ ಬರೋದೇ ಬಹಳ ಸಲ ಅದಾಗಿ ಎಷ್ಟೋ ಕಾಲಕ್ಕೆ, ಅಷ್ಟರಲ್ಲಿ ಗಣಿ ಮುಚ್ಚಿರತ್ತೆ, ಕಂಪನಿ ಕೈ ಬದಲಾಗಿರತ್ತೆ, ಸೇರಿದಾಗ ಮಾಡಿದ ಮೊದಲ ಆಡಿಯೋಗ್ರಾಮ್ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಬಂದಾಗ ಕಿವಿ ಚೆನ್ನಾಗಿತ್ತು ಅಂತ ತೋರಿಸೋ ಒಂದೇ ಒಂದು ಪೇಪರ್ ಅದು.

ಹಾಗಾಗಿ ಸದ್ದಿನ ಕೆಲಸ ಮಾಡೋರು ಯಾರೇ ಇರ್ಲಿ, ಯಾವ ದೇಶದಲ್ಲೇ ಇರ್ಲಿ, ನಾನು ಹೇಳೋದು: ಪ್ರತಿ ಟೆಸ್ಟ್ ಆದಾಗ್ಲೂ ಕಾಪಿ ಕೇಳಿ ಇಸ್ಕೊಳ್ಳಿ, ಮೊಬೈಲಲ್ಲಿ ಫೋಟೋ ತೆಗೆದು ಮನೆಯವ್ರಿಗೂ ಕಳ್ಸಿಡಿ, 4000 ಮತ್ತೆ 8000ದ ನಂಬರ್ ಬರ್ದಿದಾರಾ ನೋಡಿ. ಮೊದಲ ಬೇಸ್‌ಲೈನ್ ಟೆಸ್ಟ್‌ಗೆ ಮುಂಚೆ 14 ಗಂಟೆ ಕೆಲಸದ ಸದ್ದಿಂದ ದೂರ ಇರ್ಬೇಕು ಅಂತ ಅಮೆರಿಕದ ಆ ನಿಯಮದಲ್ಲಿದೆ, ಶಿಫ್ಟ್ ಮುಗಿಸಿ ನೇರ ಬಂದು ಕೂತ್ರೆ ತಾತ್ಕಾಲಿಕ ಮಬ್ಬು ಸೇರಿ ಗ್ರಾಫ್ ಕೆಟ್ಟದಾಗಿ ಬರತ್ತೆ, ಬೇಸ್‌ಲೈನೇ ಕೆಟ್ಟದಾಗಿದ್ರೆ ಮುಂದೆ ಆದ ನಷ್ಟ ಲೆಕ್ಕದಲ್ಲಿ ಕಮ್ಮಿ ಕಾಣತ್ತೆ. ಯಾವ ಮಷೀನ್ ಮೇಲೆ ಯಾವ ವರ್ಷದಿಂದ ಯಾವ ವರ್ಷದ ತನಕ ಇದ್ರಿ ಅಂತ ಒಂದು ಹಾಳೆಲಿ ಬರೆದಿಡಿ. ಕೆಲಸ ಬಿಡೋ ವಾರ ಇನ್ನೊಂದು ಟೆಸ್ಟ್ ಮಾಡಿಸಿ, ಕಂಪನಿ ಮಾಡಿಸ್ಲಿಲ್ಲ ಅಂದ್ರೆ ಸ್ವಂತ ಖರ್ಚಲ್ಲಾದ್ರೂ ಸರಿ, ಆ ತಾರೀಕಿನ ಗ್ರಾಫ್ ಕೈಲಿದ್ರೆ ಆಮೇಲೆ ಹೋದ ಕಿವಿ ಯಾರ ಖಾತೆ ಅನ್ನೋ ಜಗಳ ಅರ್ಧ ಕಮ್ಮಿ ಆಗತ್ತೆ.